ಸೈ-ಫೈ ಸ್ಕ್ರಿಪ್ಟಲ್ಲಿ ಅವರವರ ಭಾಷೆ ಅವರವರ ಬಾಯಿಗೆ ಕೊಡೋದು ಹೇಗೆ

ನಮ್ಮಮ್ಮನ ತವರು ಮುಳಬಾಗಿಲು ಕಡೆ. ಅಲ್ಲಿ ಅಜ್ಜಿ ತೆಲುಗಲ್ಲಿ ಬೈತಾರೆ, ನಾವು ಕನ್ನಡದಲ್ಲಿ ಸಬೂಬು ಹೇಳ್ತೀವಿ, ಪಕ್ಕದ್ಮನೆ ಆಂಟಿ ಕಾಂಪೌಂಡ್ ಆಚೆಯಿಂದ ತಮಿಳಲ್ಲೇ ನಮ್ಮ ಪರ ವಕಾಲತ್ತು ವಹಿಸ್ತಾರೆ, ಯಾರೂ ತಮ್ಮ ಭಾಷೆ ಬಿಡಲ್ಲ, ಯಾರಿಗೂ ಒಂದು ಮಾತೂ ತಪ್ಪಲ್ಲ. ಕಾಲೇಜಲ್ಲಿ ಮೊದಲನೇ ಸಲ 1977ರ ಸ್ಟಾರ್ ವಾರ್ಸ್ ನೋಡ್ದಾಗ ಪಕ್ಕದಲ್ಲಿದ್ದ ಫ್ರೆಂಡು, ಅಲ್ಲ ಗುರು, ಆ ಕೂದಲು ಪ್ರಾಣಿ ಬರೀ ಗರ್ ಗರ್ ಅಂತಿದೆ, ಈ ಹಾನ್ ಸೋಲೋ ಇಂಗ್ಲಿಷಲ್ಲೇ ಉತ್ತರ ಕೊಡ್ತಿದಾನೆ, ಹೆಂಗೆ ಅರ್ಥ ಆಗುತ್ತೆ ಇವ್ರಿಗೆ ಅಂದ. ನಂಗೆ ಅದ್ರಲ್ಲಿ ವಿಚಿತ್ರ ಏನೂ ಕಾಣ್ಲಿಲ್ಲ, ಮುಳಬಾಗಿಲು ಮನೆ ಹಜಾರ ನೆನಪಾಯ್ತು ಅಷ್ಟೆ.

ಆಮೇಲೆ ನಾನೇ ಒಂದು ಶಾರ್ಟ್ ಫಿಲ್ಮ್ ಮಾಡ್ದೆ. ಕ್ಷುದ್ರಗ್ರಹದ ಮೇಲೆ ಗಣಿ, ಅಲ್ಲಿ ಶಿವು ಅಂತ ಒಬ್ಬ ಮೆಕ್ಯಾನಿಕ್ಕು, ಓಲ್ಗಾ ಅಂತ ರಷ್ಯನ್ ಪೈಲಟ್ಟು, ಸೆಟ್ಟು ಅಂದ್ರೆ ಗ್ಯಾರೇಜ್ ಗೋಡೆಗೆ ಅಂಟಿಸಿದ ಥರ್ಮಾಕೋಲು. ಭಾಷೆ ವಿಷಯದಲ್ಲಿ ಮಾಡಬಾರದ ತಪ್ಪೆಲ್ಲ ಅದ್ರಲ್ಲೇ ಮಾಡ್ದೆ. ಈಗ ಸ್ಕ್ರಿಪ್ಟ್ ಬರೀತಿರೋ ಹುಡುಗ್ರು ಯಾರಾದ್ರೂ ಕೇಳ್ತಾನೇ ಇರ್ತಾರೆ, ಅಣ್ಣ ನಮ್ಮ ಕಥೇಲಿ ಚೈನೀಸ್ ಕ್ಯಾಪ್ಟನ್ ಇದಾನೆ, ಏಲಿಯನ್ ಇದೆ, ಎಲ್ಲಾರೂ ಕನ್ನಡ ಮಾತಾಡಿದ್ರೆ ನಗ್ತಾರೆ ಏನ್ ಮಾಡೋದು ಅಂತ. ಪ್ರತಿಯೊಬ್ರಿಗೂ ಫೋನಲ್ಲಿ ಹೇಳಿ ಸಾಕಾಗಿದೆ, ಒಂದೇ ಸಲ ಬರೆದುಬಿಡ್ತೀನಿ.

ಮೊದಲು ಡೈಲಾಗ್ ಬರೆಯೋಕೇ ಹೋಗ್ಬೇಡಿ. ಒಂದು ಹಾಳೆ ತಗೊಂಡು ಪ್ರತಿ ಸೀನಿಗೂ ಮೂರು ಜನರ ಹೆಸರು ಬರೀರಿ, ಮಾತಾಡೋನು, ಕೇಳೋನು, ನೋಡೋನು. ನೋಡೋನು ಅಂದ್ರೆ ಪ್ರೇಕ್ಷಕ. ಈ ಮಾತು ಕೇಳೋನಿಗೆ ಅರ್ಥ ಆಗುತ್ತಾ, ನೋಡೋನಿಗೆ ಅರ್ಥ ಆಗುತ್ತಾ, ಇವೆರಡಕ್ಕೆ ಹೌದು ಇಲ್ಲ ಅಂತ ಟಿಕ್ ಹಾಕಿ. ಅಷ್ಟೇ ಕೆಲಸ, ಆದ್ರೆ ತೊಂಬತ್ತು ಭಾಗ ಗೊಂದಲ ಇಲ್ಲೇ ತೀರುತ್ತೆ. ಯಾಕಂದ್ರೆ ಭಾಷೆ ಅನ್ನೋದು ಪಾತ್ರಕ್ಕೆ ಹಾಕೋ ಕಾಸ್ಟ್ಯೂಮ್ ಅಲ್ಲ, ಆ ಕ್ಷಣದಲ್ಲಿ ಯಾರು ಒಳಗಿದಾರೆ ಯಾರು ಹೊರಗಿದಾರೆ ಅನ್ನೋದನ್ನ ಹೇಳೋ ಬಾಗಿಲು ಅದು.

ಕೇಳೋನಿಗೆ ಗೊತ್ತು, ನೋಡೋನಿಗೆ ಗೊತ್ತಿಲ್ಲ, ಇದು ಚ್ಯೂಬಾಕಾ ದಾರಿ, ಅದೇ ಸ್ಟಾರ್ ವಾರ್ಸ್‌ನ ಗರ್ ಗರ್ ಅನ್ನೋ ಕೂದಲು ಪ್ರಾಣಿ. ಗಮನಿಸಿ, ಅದೇ ಸಿನಿಮಾದಲ್ಲಿ ಹೋಟೆಲ್ ಟೇಬಲ್ ಮುಂದೆ ಕೂರೋ ಗ್ರೀಡೋ ಅನ್ನೋ ಏಲಿಯನ್‌ಗೆ ಸಬ್‌ಟೈಟಲ್ ಇದೆ, ಚ್ಯೂಬಾಕಾಗೆ ಒಂದು ಸಾಲೂ ಇಲ್ಲ. ಗ್ರೀಡೋ ಬೆದರಿಕೆ ಹಾಕ್ತಿದಾನೆ, ಆ ಬೆದರಿಕೆ ಏನು ಅಂತ ನಮಗೆ ಗೊತ್ತಾಗ್ಲೇಬೇಕು. ಚ್ಯೂಬಾಕಾ ಹಾನ್‌ಗೆ ಹಳೇ ದೋಸ್ತು, ಅವರಿಬ್ರ ಮಾತು ನಮಗೆ ಅರ್ಥ ಆಗದೇ ಇರೋದ್ರಿಂದಲೇ ದೋಸ್ತಿ ಎಷ್ಟು ಹಳೇದು ಅಂತ ಗೊತ್ತಾಗುತ್ತೆ. ಈ ದಾರೀಲಿ ಎಲ್ಲಾರೂ ಬೀಳೋ ಗುಂಡಿ ಒಂದಿದೆ, ಗಿಳಿಪಾಠ. ನನ್ನ ಮೊದಲನೇ ಡ್ರಾಫ್ಟು ನೋಡಿ:

ಓಲ್ಗಾ: (ರಷ್ಯನ್‌ನಲ್ಲಿ ಏನೋ ಹೇಳ್ತಾಳೆ)
ಶಿವು: ಏನು? ಆಕ್ಸಿಜನ್ ಇನ್ನು ನಲವತ್ತೇ ನಿಮಿಷ ಇದೆ ಅಂತೀಯಾ?

ಹಳೇ ನಾಟಕದಲ್ಲಿ ಫೋನ್ ಹಿಡ್ಕೊಂಡು, ಏನಂದ್ರಿ, ರಾಯರು ಹೋಗ್ಬಿಟ್ರಾ ಅಂತಾರಲ್ಲ, ಅದೇ ಕಾಯಿಲೆ. ನಿಜ ಜೀವನದಲ್ಲಿ ಯಾರೂ ಕೇಳಿಸ್ಕೊಂಡಿದ್ದನ್ನ ಹಂಗೇ ವಾಪಸ್ ಓದಲ್ಲ, ಅದಕ್ಕೆ ಎದುರು ಮಾತಾಡ್ತಾರೆ. ಆರನೇ ಡ್ರಾಫ್ಟಲ್ಲಿ ಹಿಂಗಾಯ್ತು:

ಓಲ್ಗಾ: (ರಷ್ಯನ್‌ನಲ್ಲಿ, ಮೀಟರ್ ತಟ್ಟುತ್ತಾ)
ಶಿವು: ಅದು ನಿನ್ನೆಯಿಂದ್ಲೂ ಹಂಗೇ ತೋರಿಸ್ತಿದೆ, ಮೀಟರೇ ಕೆಟ್ಟಿರ್ಬೇಕು ಬಿಡು.
ಓಲ್ಗಾ: (ಪಕ್ಕದ ಇನ್ನೊಂದು ಮೀಟರ್ ತೋರಿಸಿ, ಅದೇ ಮಾತು, ನಿಧಾನಕ್ಕೆ)
ಶಿವು: ಅಯ್ಯೋ ಶಿವನೇ. ಸೂಟ್ ಎಲ್ಲಿಟ್ಟೆ?

ನಲವತ್ತು ನಿಮಿಷ ಅನ್ನೋ ಲೆಕ್ಕ ಹೋಯ್ತು, ಹೋಗ್ಲಿ, ಅದನ್ನ ಮೀಟರೇ ತೋರಿಸುತ್ತೆ. ಇವನಿಗೆ ಅವಳ ಭಾಷೆ ಬರುತ್ತೆ, ಅವಳ ಮಾತನ್ನ ಮಾತ್ರ ಕಿವಿಗೆ ಹಾಕ್ಕೊಳಲ್ಲ, ಎರಡೂ ಒಂದೇ ಸಲಕ್ಕೆ ಬಂತು.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿರೋದು 2009ರ ಡಿಸ್ಟ್ರಿಕ್ಟ್ 9. ಜೋಹಾನ್ಸ್‌ಬರ್ಗಲ್ಲಿ ಏಲಿಯನ್‌ಗಳು ಇಪ್ಪತ್ತು ವರ್ಷದ ಮೇಲಾಗಿ ಕ್ಯಾಂಪಲ್ಲಿ ಕೊಳೀತಿದಾವೆ, ಅವು ತಮ್ಮ ಕ್ಲಿಕ್ ಕ್ಲಿಕ್ ಶಬ್ದದಲ್ಲಿ ಮಾತಾಡ್ತವೆ, ಆಫೀಸರ್‌ಗಳು ಇಂಗ್ಲಿಷಲ್ಲಿ, ಇಬ್ರಿಗೂ ಇಬ್ರದ್ದೂ ಅರ್ಥ ಆಗುತ್ತೆ, ನಮಗೆ ಸಬ್‌ಟೈಟಲ್. ಇಪ್ಪತ್ತು ವರ್ಷ ಒಂದೇ ಊರಲ್ಲಿದ್ರೆ ಕಿವಿ ತಂತಾನೇ ಕಲಿಯುತ್ತೆ, ನಾಲಿಗೆ ಆಕಾರ ಬೇರೆ ಅದಕ್ಕೆ ಮಾತಾಡೋಕಾಗಲ್ಲ ಅಷ್ಟೆ. ಟ್ರಾನ್ಸ್‌ಲೇಟರ್ ಮಷೀನು ಇಲ್ಲ, ವಿವರಣೆ ಇಲ್ಲ, ಮೊದಲನೇ ಹತ್ತು ನಿಮಿಷದಲ್ಲೇ ನೋಡೋರು ಒಪ್ಕೊಂಡುಬಿಡ್ತಾರೆ. ಬೆಂಗಳೂರಲ್ಲಿ ಬಾಡಿಗೆ ಮನೇಲಿದ್ದು ಬೆಳೆದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ನೋಡೋನಿಗೆ ಗೊತ್ತು, ಕೇಳೋನಿಗೆ ಗೊತ್ತಿಲ್ಲ ಅನ್ನೋದು ಸಸ್ಪೆನ್ಸ್‌ಗೂ ಕಾಮಿಡಿಗೂ ಬರುತ್ತೆ, ಅದನ್ನ ನಮ್ಮ ಸಿನಿಮಾದೋರು ಬೇಕಾದಷ್ಟು ಮಾಡಿದಾರೆ, ಹೆಚ್ಚು ಹೇಳಲ್ಲ. ಇದರ ಉಲ್ಟಾ ಇದೆಯಲ್ಲ, ಹೇಳಿದ್ದು ಕೇಳೋನ ಎದೆಗೆ ನಾಟುತ್ತೆ ಆದ್ರೆ ನೋಡೋನಿಗೆ ಬೇಕಂತಲೇ ಹೇಳಲ್ಲ, ಅದಕ್ಕೆ ಧೈರ್ಯ ಬೇಕು. 2016ರ ಅರೈವಲ್ ಸಿನಿಮಾದ ಕೊನೇಲಿ ಭಾಷಾತಜ್ಞೆ ಲೂಯಿಸ್ ಫೋನಲ್ಲಿ ಚೀನಾದ ಜನರಲ್‌ಗೆ ಅವನ ಹೆಂಡತಿ ಸಾಯೋವಾಗ ಹೇಳಿದ ಮಾತನ್ನ ಮ್ಯಾಂಡರಿನ್‌ನಲ್ಲಿ ಹೇಳ್ತಾಳೆ, ಅದಕ್ಕೆ ಸಬ್‌ಟೈಟಲ್ಲೇ ಹಾಕಿಲ್ಲ. ಇಡೀ ಜಗತ್ತಿನ ಯುದ್ಧ ನಿಲ್ಲಿಸೋ ಮಾತು, ನಮಗೆ ಹೇಳಲ್ಲ! ಮೊದಲು ಸಿಟ್ಟು ಬಂತು, ಆಮೇಲೆ ಅನ್ನಿಸ್ತು ಗಂಡ ಹೆಂಡತಿ ಮಾತು ನಮಗ್ಯಾಕೆ ಅಂತ. ಇದನ್ನ ಒಂದು ಸಿನಿಮಾಗೆ ಒಂದೇ ಸಲ ಮಾಡಿ, ಎರಡನೇ ಸಲ ಮಾಡಿದ್ರೆ ಸಬ್‌ಟೈಟಲ್ ಫೈಲು ಹಾಳಾಗಿದೆ ಅನ್ಕೋತಾರೆ.

ಹಾಳೆ ತುಂಬಿಸಿದ ಮೇಲೆ ಎರಡನೇ ಪ್ರಶ್ನೆ, ನಿಮ್ಮ ಲೋಕದಲ್ಲಿ ಒಬ್ರಿಗೊಬ್ರು ಹೆಂಗೆ ಅರ್ಥ ಆಗ್ತಾರೆ. ಮಷೀನು ಇಡ್ಬಹುದು, ಹಿಚ್‌ಹೈಕರ್ಸ್ ಗೈಡ್ ಕಥೆ ಥರ ಕಿವಿಗೆ ಹಾಕಿದ್ರೆ ತರ್ಜುಮೆ ಮಾಡೋ ಮೀನು ಇಡ್ಬಹುದು, ಫಾರ್‌ಸ್ಕೇಪ್ ಸೀರಿಯಲ್ ಥರ ಮಿದುಳಿಗೆ ಸೇರೋ ಸೂಕ್ಷ್ಮಜೀವಿ ಇಡ್ಬಹುದು, ನಮ್ಮವರೇ ಮಾಡಿದ ಪಿಕೆ ಥರ ಯಾರದ್ದೋ ಕೈ ಹಿಡ್ಕೊಂಡು ಕೂತು ಭೋಜ್‌ಪುರಿ ಕಲಿಸ್ಬಹುದು. ಇಲ್ಲಾ ಏನೂ ಹೇಳದೇ ಎಲ್ಲಾರ ಬಾಯಲ್ಲೂ ಒಂದೇ ಭಾಷೆ ಹಾಕಿ ಮುಂದೆ ಹೋಗ್ಬಹುದು, ಅದೂ ತಪ್ಪಲ್ಲ. ಸ್ಟಾರ್‌ಗೇಟ್ ಕಥೆ ಕೇಳಿ. 1994ರ ಸಿನಿಮಾದಲ್ಲಿ ಬೇರೆ ಗ್ರಹದ ಜನ ಪ್ರಾಚೀನ ಈಜಿಪ್ಟಿನ ಭಾಷೆ ಆಡ್ತಾರೆ, ಅದನ್ನ ರೂಪಿಸೋಕೆ ಸ್ಟುವರ್ಟ್ ಟೈಸನ್ ಸ್ಮಿತ್ ಅನ್ನೋ ಈಜಿಪ್ಟ್ ತಜ್ಞರನ್ನೇ ಕರೆಸಿದ್ರು. ಹೀರೋ ಡೇನಿಯಲ್ ಆ ಲಿಪಿ ಅರೆದು ಕುಡಿದಿರೋ ಪಂಡಿತ, ಆದ್ರೂ ಮಾತು ಕೇಳ್ದಾಗ ಗುರುತು ಸಿಗಲ್ಲ. ಯಾಕೆ ಅಂದ್ರೆ ಆ ಚಿತ್ರಲಿಪೀಲಿ ವ್ಯಂಜನ ಮಾತ್ರ ಬರೀತಿದ್ರು, ಸ್ವರ ಬರೀತಿರ್ಲಿಲ್ಲ. ನಮ್ಮಲ್ಲಿ ಕಾಗುಣಿತ ತೆಗೆದುಹಾಕಿ ಬರೀ ಕ, ಲ ಅಂತ ಬರೆದಿಟ್ರೆ ಅದು ಕಾಲೋ ಕಲ್ಲೋ ಕೋಲೋ ಕೀಲಿಯೋ ಯಾರಿಗ್ ಗೊತ್ತು? ಒಬ್ಬ ಹುಡುಗಿ ಗೋಡೆ ಮೇಲಿನ ಅಕ್ಷರ ತೋರಿಸಿ ಬಾಯಲ್ಲಿ ಹೇಳಿದ ಮೇಲೆ ಅವನಿಗೆ ಸ್ವರ ಸಿಕ್ಕಿ ಭಾಷೆ ಬಿಚ್ಕೊಳುತ್ತೆ. ಭಾಷೆ ಕಲಿಯೋದನ್ನೇ ಕಥೆಯ ತಿರುವು ಮಾಡಿರೋದು ಅಂದ್ರೆ ಇದು. ಅದೇ ಸ್ಟಾರ್‌ಗೇಟ್ 1997ರಲ್ಲಿ ಟಿವಿ ಸೀರಿಯಲ್ ಆಯ್ತು, ಹತ್ತು ಸೀಸನ್, 214 ಎಪಿಸೋಡ್, ವಾರಕ್ಕೊಂದು ಹೊಸ ಗ್ರಹ, ಎಲ್ಲಾ ಕಡೆ ಸಲೀಸಾಗಿ ಇಂಗ್ಲಿಷ್. ಪ್ರತಿ ವಾರ ಕಾಗುಣಿತದಿಂದ ಶುರು ಮಾಡಿದ್ರೆ ಕಥೆ ಹೇಳೋದ್ ಯಾವಾಗ. ಎರಡೂ ಸರಿಯಾದ ತೀರ್ಮಾನವೇ. ತಪ್ಪು ಯಾವುದು ಅಂದ್ರೆ ಮೊದಲರ್ಧ ದುಭಾಷಿ ಬೇಕು ಅಂತ ಒದ್ದಾಡಿ ಇಂಟರ್ವಲ್ ಆದ್ಮೇಲೆ ಎಲ್ಲಾ ಮರೆತು ಎಲ್ಲಾರೂ ಕನ್ನಡ ಶುರು ಮಾಡೋದು, ನಾನು ಓದೋ ಸ್ಕ್ರಿಪ್ಟುಗಳಲ್ಲಿ ಅರ್ಧಕ್ಕರ್ಧ ಹಿಂಗೇ ಇರುತ್ತೆ.

ಮಷೀನು ಇಟ್ರೆ ಅದಕ್ಕೆ ಒಂದು ಕೊರತೆ ಕೊಡಿ. ಸ್ಟಾರ್ ಟ್ರೆಕ್‌ನ 1991ರ ಡಾರ್ಮೋಕ್ ಅನ್ನೋ ಎಪಿಸೋಡ್ ಇದಕ್ಕೆ ಪಾಠ. ಟ್ರಾನ್ಸ್‌ಲೇಟರ್ ಸರಿಯಾಗೇ ಕೆಲಸ ಮಾಡುತ್ತೆ, ಪದ ಪದ ತರ್ಜುಮೆ ಆಗುತ್ತೆ, ಅರ್ಥ ಮಾತ್ರ ಆಗಲ್ಲ. ಯಾಕಂದ್ರೆ ಆ ಜನ ಮಾತಾಡೋದೆಲ್ಲ ತಮ್ಮ ಪುರಾಣದ ಸನ್ನಿವೇಶಗಳಲ್ಲಿ, ಗೋಡೆಗಳು ಬಿದ್ದಾಗಿನ ಶಾಕಾ ಅಂದ್ರೆ ಸೋಲು, ಅಷ್ಟೆ. ಅಮೆರಿಕದಲ್ಲಿ ಇದನ್ನ ಭಾರೀ ವಿಚಿತ್ರ ಐಡಿಯಾ ಅಂತ ಮಾತಾಡ್ಕೋತಾರೆ, ನಮ್ಮಲ್ಲಿ ಇದು ದಿನಾ ನಡೆಯೋದೇ. ಆಫೀಸಲ್ಲಿ ಒಬ್ಬ ಹುಡುಗನ್ನ ಯಾವುದೋ ಪ್ರಾಜೆಕ್ಟಿಗೆ ಹಾಕಿದ್ದು ಕೇಳಿ ನೀವು, ಅಭಿಮನ್ಯು, ಚಕ್ರವ್ಯೂಹ ಅಂದ್ರೆ ಪಕ್ಕದವನು ತಲೆ ಆಡಿಸಿ ಟೀ ಕುಡಿಯೋಕೆ ಹೋಗ್ತಾನೆ. ಈ ಮಾತನ್ನ ಮಷೀನು ಪದಕ್ಕೆ ಪದ ತರ್ಜುಮೆ ಮಾಡಿ ಒಬ್ಬ ಫ್ರೆಂಚ್ ಕ್ಯಾಪ್ಟನ್‌ಗೆ ಕೊಟ್ರೆ ಏನಾಗುತ್ತೆ ಯೋಚಿಸಿ, ನಿಮಗೆ ಒಂದು ಸೀನ್ ಫ್ರೀಯಾಗಿ ಸಿಕ್ತು.

ಇನ್ನು ಯಾವ ಪಾತ್ರ ಯಾವ ಭಾಷೆ. ಹೆಸರು ನೋಡಿ ಭಾಷೆ ಕೊಡ್ಬೇಡಿ, ಅವನು ಎಲ್ಲಿ ಬೆಳೆದ, ಯಾರ ಜೊತೆ ಕೆಲಸ ಮಾಡ್ದ ಅಂತ ನೋಡಿ ಕೊಡಿ. ಇದ್ರಲ್ಲಿ ನನ್ನ ಪ್ರಕಾರ ದಿ ಎಕ್ಸ್‌ಪ್ಯಾನ್ಸ್ ಸೀರಿಯಲ್ಲನ್ನ ಮೀರಿಸೋದು ಇಲ್ಲ, 2015ರಿಂದ 2022ರವರೆಗೆ ಬಂತು. ಕ್ಷುದ್ರಗ್ರಹಗಳ ಗಣೀಲಿ ಕೆಲಸ ಮಾಡೋಕೆ ಭೂಮಿಯ ಎಲ್ಲಾ ಕಡೆಯಿಂದ ಜನ ಹೋಗಿ, ಕೆಲವು ತಲೆಮಾರು ಕಳೆದು, ಎಲ್ಲಾ ಭಾಷೆ ಕಲಸು ಮೇಲೋಗರ ಆಗಿ ಒಂದು ಹೊಸ ಭಾಷೆ ಹುಟ್ಟಿದೆ, ಸೀರಿಯಲ್‌ಗೋಸ್ಕರ ಅದನ್ನ ಕಟ್ಟಿದೋರು ನಿಕ್ ಫಾರ್ಮರ್ ಅನ್ನೋ ಭಾಷಾತಜ್ಞ. ಬೆಲ್ಟಾಲೋಡಾ ಅಂದ್ರೆ ನಮ್ಮೋರು, ಇನ್ಯಾಲೋಡಾ ಅಂದ್ರೆ ಒಳಗ್ರಹದೋರು, ಭೂಮಿ ಮಂಗಳದ ಜನ. ಆ ಎರಡು ಪದದಲ್ಲೇ ಅರ್ಧ ರಾಜಕೀಯ ಇದೆ. ಹೆಲ್ಮೆಟ್ ಒಳಗೆ ತಲೆ ಆಡಿಸಿದ್ರೆ ಯಾರಿಗೂ ಕಾಣಲ್ಲ ಅಂತ ಇವರು ಹೂಂ ಅನ್ನೋಕೂ ಕೈ ಸನ್ನೆ ಮಾಡ್ತಾರೆ, ಸೂಟ್ ಬಿಚ್ಚಿದ ಮೇಲೂ ಆ ಕೈ ಅಭ್ಯಾಸ ಹೋಗಲ್ಲ. ಮುಖ್ಯವಾಗಿ ನೋಡ್ಬೇಕಾಗಿರೋದು ಈ ಗಣಿ ಜನರಲ್ಲೇ ಒಬ್ಳಾದ ನವೋಮಿನ. ಭೂಮಿಯವರ ಜೊತೆ ಹಡಗಲ್ಲಿರೋವಾಗ ಅವಳ ಇಂಗ್ಲಿಷ್ ನೀಟಾಗಿರುತ್ತೆ, ತನ್ನ ಜನ ಸಿಕ್ಕಿದ ತಕ್ಷಣ ದನಿ ದಪ್ಪ ಆಗುತ್ತೆ, ಪದ ಬದಲಾಗುತ್ತೆ, ಕೈ ಆಡೋಕೆ ಶುರುವಾಗುತ್ತೆ. ಹುಬ್ಬಳ್ಳಿ ಹುಡುಗ ಬೆಂಗಳೂರಿನ ಆಫೀಸಲ್ಲಿ ಮೀಟಿಂಗ್ ಮಧ್ಯೆ ಮನೆಯಿಂದ ಫೋನ್ ಬಂದಾಗ ಏನಲೇ ಅಂತ ಕಾರಿಡಾರಿಗೆ ಓಡ್ತಾನಲ್ಲ, ಆ ಥರ. ಇನ್ನೊಂದು ಮಜಾ, ಮಂಗಳ ಗ್ರಹದ ಪೈಲಟ್ ಅಲೆಕ್ಸ್ ಕಮಾಲ್, ವಂಶ ದಕ್ಷಿಣ ಏಷ್ಯಾದ್ದು, ಮಾತು ಮಾತ್ರ ಟೆಕ್ಸಾಸ್ ಕೌಬಾಯ್ ರಾಗ. ಅವನ ಊರಾದ ಮ್ಯಾರಿನರ್ ಕಣಿವೇಲಿ ಮೊದಲು ನೆಲೆ ನಿಂತೋರಲ್ಲಿ ಭಾರತೀಯರು, ಚೀನೀಯರು, ಟೆಕ್ಸಾಸಿನವರು ಇದ್ರು, ಮಾತಿನ ಧಾಟಿ ಮಾತ್ರ ಟೆಕ್ಸಾಸಿನವರದ್ದೇ ಎಲ್ಲಾರಿಗೂ ಅಂಟ್ಕೊಂಡಿದೆ. ಒಂದು ಸಾಲಿನ ಹಿನ್ನೆಲೆ, ಎಷ್ಟು ನಂಬಿಕೆ ಬರುತ್ತೆ ನೋಡಿ.

ಹಂಗಾಗಿ ನಿಮ್ಮ ಹಡಗಲ್ಲಿ ಕನ್ನಡಿಗ ಇದಾನೆ ಅಂದ್ರೆ ಅಷ್ಟಕ್ಕೇ ನಿಲ್ಲಿಸ್ಬೇಡಿ, ಯಾವ ಕನ್ನಡ ಕೇಳ್ಕೊಳಿ, ಧಾರವಾಡದ್ದಾ ಕುಂದಾಪುರದ್ದಾ, ಮನೇಲಿ ತುಳುನಾ ಉರ್ದುನಾ. ಅವನು ಯಾವಾಗ ಮನೆ ಭಾಷೆಗೆ ಜಾರ್ತಾನೆ ಅಂತಾನೂ. ನನ್ನ ಅನುಭವದಲ್ಲಿ ಜನ ದುಡ್ಡು ಎಣಿಸೋವಾಗ, ಬೆರಳು ಬಾಗಿಲಿಗೆ ಸಿಕ್ಕಾಗ, ಮಗು ಮಲಗಿಸೋವಾಗ, ಪಕ್ಕದಲ್ಲಿರೋ ಮೂರನೆಯವನಿಗೆ ಗೊತ್ತಾಗಬಾರದು ಅಂದಾಗ ಮನೆ ಭಾಷೆಗೆ ಹೋಗ್ತಾರೆ. ಮೆಷಿನ್ ಪಾರ್ಟಿನ ಹೆಸರಿಗೆ ಹೋಗಲ್ಲ. ಶಿವು ಬಾಯಲ್ಲಿ ಒತ್ತಡ ನಿಯಂತ್ರಕ ಕವಾಟ ಅಂತ ಬರೆದಿದ್ದೆ, ಆ ಪಾತ್ರ ಮಾಡಿದ ಹುಡುಗ ನಿಜವಾಗ್ಲೂ ಗ್ಯಾರೇಜ್‌ನವನು, ಸಾರ್ ವಾಲ್ವ್ ಅನ್ನಲಾ ಅಂತ ಕೇಳ್ದ. ನಾಚಿಕೆ ಆಯ್ತು.

ಬರೀ ಬೈಗುಳಕ್ಕೆ ಇನ್ನೊಂದು ಭಾಷೆ ಬಳಸೋ ಚಟ ಬೇಡ. 2002ರ ಫೈರ್‌ಫ್ಲೈ ಒಳ್ಳೇ ಸೀರಿಯಲ್ಲು, 14 ಎಪಿಸೋಡಿಗೆ ನಿಂತೋಯ್ತು, ನಾನೇ ಮೂರು ಸಲ ನೋಡಿದೀನಿ. ಅಮೆರಿಕ ಚೀನಾ ಸಂಸ್ಕೃತಿ ಬೆರೆತು ಹೋಗಿರೋ ಭವಿಷ್ಯ, ಅದಕ್ಕೆ ಎಲ್ಲಾರೂ ಮಧ್ಯೆ ಮಧ್ಯೆ ಮ್ಯಾಂಡರಿನ್‌ನಲ್ಲಿ ಬೈತಾರೆ. ಐಡಿಯಾ ಚೆನ್ನಾಗಿದೆ, ಆದ್ರೆ ಮುಖ್ಯ ಪಾತ್ರಗಳಲ್ಲಿ ಒಬ್ಬ ಚೀನೀಯನೂ ಇಲ್ಲ, ಉಚ್ಚಾರಣೆ ಚೀನೀ ಬಲ್ಲೋರಿಗೆ ಅರ್ಥವೇ ಆಗಲ್ಲ ಅನ್ನೋ ದೂರು ಮೊದಲಿಂದ್ಲೂ ಇದೆ. ನಮ್ಮ ಭಾಷೆನ ಯಾರಾದ್ರೂ ಐದು ಬೈಗುಳಕ್ಕೆ ಇಳಿಸಿ ಬಳಸಿದ್ರೆ ನಮಗೆ ಹೆಂಗನ್ಸುತ್ತೆ, ಹಂಗೆ.

ನಿಜವಾದ ಬಾಹ್ಯಾಕಾಶದಲ್ಲಿ ಏನಾಗಿದೆ ಅನ್ನೋದನ್ನೂ ಓದ್ಕೊಳಿ, ಬರೆಯೋಕೆ ಎಷ್ಟೋ ಸಿಗುತ್ತೆ. 1975ರ ಜುಲೈನಲ್ಲಿ ಅಪೋಲೋ ಮತ್ತೆ ಸೋಯುಜ್ ನೌಕೆಗಳು ಮೇಲೆ ಕೂಡ್ಕೊಂಡಾಗ ಅಮೆರಿಕದವರು ರಷ್ಯನ್ ಮಾತಾಡೋದು, ಸೋವಿಯತ್ತಿನವರು ಇಂಗ್ಲಿಷ್ ಮಾತಾಡೋದು ಅಂತ ಮಾಡ್ಕೊಂಡಿದ್ರು. ಬೇರೆ ಭಾಷೇಲಿ ಮಾತಾಡೋವಾಗ ನಿಧಾನಕ್ಕೆ, ಸರಳವಾಗಿ, ಬಿಡಿಸಿ ಹೇಳ್ತೀವಿ, ಕೇಳೋನಿಗೆ ತನ್ನ ಭಾಷೆ ಅದು, ತಪ್ಪಿದ್ರೂ ಹಿಡಿತಾನೆ. ಚ್ಯೂಬಾಕಾ ಪದ್ಧತಿಗೆ ಪೂರಾ ಉಲ್ಟಾ. ಅಮೆರಿಕದ ಕಮಾಂಡರ್ ಟಾಮ್ ಸ್ಟಾಫರ್ಡ್ ಓಕ್ಲಹೋಮಾದವರು, ಅವರ ರಷ್ಯನ್ ಕೇಳಿ ಸೋವಿಯತ್ ಕಮಾಂಡರ್ ಲಿಯೊನೊವ್, ನಮ್ಮಲ್ಲಿ ರಷ್ಯನ್ ಇಂಗ್ಲಿಷ್ ಜೊತೆ ಓಕ್ಲಹೋಮ್‌ಸ್ಕಿ ಅಂತ ಮೂರನೇದೂ ಇದೆ ಅಂತ ತಮಾಷೆ ಮಾಡ್ತಿದ್ರಂತೆ. ಈಗಿನ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಎರಡೂ ಕಲಸ್ಕೊಂಡು ಆಡೋದಕ್ಕೆ ರಂಗ್ಲಿಷ್ ಅಂತಲೇ ಹೆಸರಿದೆ. ನಮ್ಮ ಕಂಗ್ಲಿಷ್ ನೋಡಿ ಬೇಜಾರ್ ಮಾಡ್ಕೊಳೋರು ಇದನ್ನ ಗಮನಿಸಿ. ಅಂದಹಾಗೆ ಕನ್ನಡ ಬಾಹ್ಯಾಕಾಶಕ್ಕೆ ಹೋಗಿ ಆಗಲೇ ಐವತ್ತು ವರ್ಷ ಹತ್ರ ಆಯ್ತು, 1977ರಲ್ಲಿ ಹಾರಿದ ವಾಯೇಜರ್ ನೌಕೆಗಳ ಚಿನ್ನದ ಗ್ರಾಮಫೋನ್ ತಟ್ಟೇಲಿ 55 ಭಾಷೆಯ ಶುಭಾಶಯ ಇದೆಯಲ್ಲ, ಅದ್ರಲ್ಲಿ "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು" ಅಂತ ಒಂದು ದನಿ ಇದೆ. ಏಲಿಯನ್ ಕನ್ನಡ ಮಾತಾಡಿದ್ರೆ ನಗ್ತಾರೆ ಅನ್ನೋ ಹುಡುಗ್ರಿಗೆ ನಾನು ಹೇಳೋದು, ಅವುಗಳಿಗೆ ಪಠ್ಯಪುಸ್ತಕ ನಾವೇ ಕಳಿಸಿದೀವಿ ಕಣ್ರೋ, ಒಂದೇ ವಾಕ್ಯದ್ದು.

ಈಗ ನನ್ನ ದೊಡ್ಡ ತಪ್ಪು. ಓಲ್ಗಾ ಸಾಲುಗಳನ್ನ ಫೋನಲ್ಲಿರೋ ಟ್ರಾನ್ಸ್‌ಲೇಶನ್ ಆ್ಯಪಿಗೆ ಹಾಕಿ ಬಂದಿದ್ದನ್ನ ಕನ್ನಡ ಲಿಪೀಲಿ ಬರೆದು ನಟಿಗೆ ಕೊಟ್ಟೆ. ಎಮೋಷನಲ್ ಸೀನು, ಅವಳು ಕಣ್ಣಲ್ಲಿ ನೀರು ತುಂಬ್ಕೊಂಡು, ನಾನು ಮರೆತೆ ಅನ್ಬೇಕು. ಯಾ ಜ಼ಬಿಲ್ ಅಂದ್ಳು. ಚೆನ್ನಾಗೇ ಅಂದ್ಳು. ಸ್ಕ್ರೀನಿಂಗಲ್ಲಿ ಹಿಂದಿನ ಸಾಲಲ್ಲಿದ್ದ ಒಬ್ರು ಕಿಸಕ್ಕಂತ ನಕ್ರು, ಆಮೇಲೆ ಕೇಳ್ದಾಗ ಗೊತ್ತಾಯ್ತು ಅವರು ರಷ್ಯಾದಲ್ಲಿ ಮೆಡಿಕಲ್ ಓದಿ ಬಂದೋರು. ರಷ್ಯನ್‌ನಲ್ಲಿ ನಾನು ಮರೆತೆ ಅಂತ ಗಂಡಸು ಹೇಳಿದ್ರೆ ಜ಼ಬಿಲ್, ಹೆಂಗಸು ಹೇಳಿದ್ರೆ ಜ಼ಬಿಲಾ, ಹಿಂದೀಲಿ ಮೈ ಗಯಾ ಮೈ ಗಯೀ ಅಂತಾರಲ್ಲ ಹಂಗೆ. ಕನ್ನಡದಲ್ಲಿ ಮರೆತೆ ಅಂದ್ರೆ ಯಾರಾದ್ರೂ ಆಗ್ಬಹುದು, ಅದಕ್ಕೆ ನಂಗೆ ಆ ಅನುಮಾನವೇ ಬರ್ಲಿಲ್ಲ. ಆ್ಯಪಿಗೆ ಹೇಳೋಳು ಹೆಂಗಸು ಅಂತ ಗೊತ್ತಾಗೋಕೆ ದಾರಿಯೇ ಇಲ್ಲ. ಆರು ತಿಂಗಳ ಕೆಲಸ, ಒಂದು 'ಆ'ಕಾರಕ್ಕೆ ಹೋಯ್ತು.

ಅದಕ್ಕೇ ಹೇಳೋದು, ಆ ಭಾಷೆ ಆಡೋ ಮನುಷ್ಯರನ್ನ ಹಿಡೀರಿ. ಬೆಂಗಳೂರಲ್ಲಿ ವಿದೇಶಿ ಭಾಷೆ ಕಲಿಸೋ ಕಡೆ, ಯೂನಿವರ್ಸಿಟೀಲಿ ಓದೋ ವಿದೇಶಿ ಹುಡುಗ್ರಲ್ಲಿ ಕೇಳಿದ್ರೆ ಸಿಗ್ತಾರೆ, ಊಟ ಹಾಕ್ಸಿ, ದುಡ್ಡೂ ಕೊಡಿ, ಟೈಟಲ್‌ನಲ್ಲಿ ಹೆಸರೂ ಹಾಕಿ. ಬರೀ ವಾಕ್ಯ ಕೊಟ್ಟು ತರ್ಜುಮೆ ಮಾಡಿ ಅನ್ಬೇಡಿ. ಯಾರು ಹೇಳ್ತಿರೋದು, ವಯಸ್ಸೆಷ್ಟು, ಎದುರಿಗಿರೋನು ಹಿರಿಯನಾ ಕಿರಿಯನಾ, ಸಿಟ್ಟಾ ಸಲಿಗೆನಾ, ಇಷ್ಟೂ ಹೇಳಿ. ನಮ್ಮಲ್ಲಿ ನೀನು ನೀವು ಇದ್ದ ಹಂಗೆ ಅವರಲ್ಲೂ ಇರುತ್ತೆ, ಇಂಗ್ಲಿಷ್ ಮೂಲಕ ಹೋದ್ರೆ ಅದು ದಾರೀಲೇ ಉದುರೋಗುತ್ತೆ. ಬಂದ ಸಾಲನ್ನ ಅದೇ ಭಾಷೆಯ ಇನ್ನೊಬ್ರಿಗೆ ತೋರಿಸಿ, ಇದಕ್ಕೆ ಕನ್ನಡದಲ್ಲೋ ಇಂಗ್ಲಿಷಲ್ಲೋ ಏನರ್ಥ ಅಂತ ಕೇಳಿ, ನೀವು ಬರೆದಿದ್ದೇ ವಾಪಸ್ ಬಂದ್ರೆ ಸರಿ. ಆಮೇಲೆ ಅವರ ದನೀಲೇ ಎರಡು ಸಲ ರೆಕಾರ್ಡ್ ಮಾಡ್ಕೊಳಿ, ಒಂದು ಮಾಮೂಲಿ ಸ್ಪೀಡು, ಒಂದು ಬಿಡಿಸಿ ಬಿಡಿಸಿ. ನಟರಿಗೆ ಯಾವ ಪದಕ್ಕೆ ಏನರ್ಥ ಅಂತ ಪದದ ಕೆಳಗೆ ಬರೆದುಕೊಡಿ, ಇಲ್ಲಾಂದ್ರೆ ಅಳು ಬರಬೇಕಾದ ಪದ ಬಿಟ್ಟು ಮತ್ತು ಅನ್ನೋ ಪದದ ಮೇಲೆ ಅಳ್ತಾರೆ. ಕನ್ನಡ ಲಿಪಿ ಇದಕ್ಕೆ ಇಂಗ್ಲಿಷ್‌ಗಿಂತ ಸಾವಿರ ಪಾಲು ವಾಸಿ, ಎ ಏ ಒ ಓ ಬೇರೆ ಬೇರೆ ಇದೆ, ಲ ಳ ಇದೆ, ಜ ಫ ಕೆಳಗೆ ಚುಕ್ಕಿ ಇಟ್ರೆ ಅದೂ ಆಯ್ತು. ಮ್ಯಾಂಡರಿನ್‌ನಂಥ ಭಾಷೇಲಿ ಮಾತ್ರ ಸಾಲದು, ಅಲ್ಲಿ ಒಂದೇ ಮಾ ಅನ್ನೋದನ್ನ ನಾಲ್ಕು ರಾಗದಲ್ಲಿ ಹೇಳಿದ್ರೆ ನಾಲ್ಕು ಅರ್ಥ, ಅಮ್ಮ ಅನ್ನೋಕೆ ಹೋಗಿ ಕುದುರೆ ಅಂದಿರ್ತೀರಿ, ಅದಕ್ಕೆ ಅಕ್ಷರದ ಮೇಲೆ ಏರಿಳಿತದ ಬಾಣ ಹಾಕ್ಕೊಡಿ.

ಏಲಿಯನ್ ಭಾಷೆ ನೀವೇ ಕಟ್ಟೋದಾದ್ರೆ ದೂರ ಹೋಗೋದು ಬೇಡ, ಬಾಹುಬಲಿಗೆ ಮದನ್ ಕಾರ್ಕಿ ಕಿಲಿಕಿ ಅಂತ ಒಂದು ಭಾಷೆಯನ್ನೇ ಕಟ್ಟಿಕೊಟ್ರಲ್ಲ, ಆಗುತ್ತೆ. ಭಾಷಾತಜ್ಞ ಮಾರ್ಕ್ ಒಕ್ರಾಂಡ್ 1984ರ ಸ್ಟಾರ್ ಟ್ರೆಕ್ ಸಿನಿಮಾಗೆ ಏಲಿಯನ್‌ಗಳ ಕ್ಲಿಂಗಾನ್ ಭಾಷೆ ಪೂರ್ತಿ ಕಟ್ಟೋವಾಗ ಮನುಷ್ಯರ ಭಾಷೇಲಿ ಅಪರೂಪ ಆಗಿರೋದನ್ನೇ ಹುಡುಕಿ ಹಾಕಿದ್ರು, ಕರ್ಮ ಮೊದಲು, ಕ್ರಿಯಾಪದ ಆಮೇಲೆ, ಕರ್ತೃ ಕೊನೇಲಿ. ಅನ್ನ ತಿಂದೆ ನಾನು, ಅಂತ. ಅವರಿಗೆ ಅದು ಪರಲೋಕದ ವ್ಯಾಕರಣ, ನಮ್ಮನೇಲಿ ದಿನಾ ಹಂಗೇ ಮಾತಾಡ್ತೀವಿ! ಅದಕ್ಕೆ ಕನ್ನಡದ ಪದ ಹಿಂದೆ ಮುಂದೆ ಮಾಡಿ ಏಲಿಯನ್ ಭಾಷೆ ಮಾಡೋಕಾಗಲ್ಲ, ಶಬ್ದದಿಂದ ಶುರು ಮಾಡಿ, ಈ ಪ್ರಾಣಿಗೆ ತುಟಿ ಇದೆಯಾ, ತುಟಿ ಇಲ್ಲಾಂದ್ರೆ ಪ ಬ ಮ ಇಲ್ಲ, ಅಲ್ಲಿಂದ ಮುಂದಕ್ಕೆ. ಜೀವಂತ ಇರೋ ಭಾಷೆ ಎತ್ಕೊಂಡು ಏಲಿಯನ್ ಬಾಯಿಗೆ ತುರುಕೋ ಶಾರ್ಟ್‌ಕಟ್ ಬೇಡ. 1983ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ನಿಯೆನ್ ನನ್ಬ್ ಅನ್ನೋ ಪಾತ್ರಕ್ಕೆ ದನಿ ಕೊಟ್ಟ ಕಿಪ್‌ಸಾಂಗ್ ರೋಟಿಚ್ ಕೀನ್ಯಾದ ವಿದ್ಯಾರ್ಥಿ, ತಮ್ಮ ದೇಶದ ಮಾತನ್ನೇ ಆಡಿದ್ರು. ಹಾಲಿವುಡ್‌ಗೆ ಅದು ಗ್ರಹಾಂತರದ ಭಾಷೆ, ಕೀನ್ಯಾದಲ್ಲಿ ಕೂತು ನೋಡೋನಿಗೆ ಪಕ್ಕದ್ಮನೆಯವನು. ಇಲ್ಲಿ ಯಾರಾದ್ರೂ ಕೊಡವ ತಕ್ಕನ್ನೋ ಬ್ಯಾರಿ ಭಾಷೆನೋ ಯಾರಿಗ್ ಗೊತ್ತಾಗುತ್ತೆ ಅಂತ ಹಾಕಿದ್ರೆ ಮಡಿಕೇರಿ ಮಂಗಳೂರಲ್ಲಿ ಶೋ ನಡೆಯೋವಾಗ ಗೊತ್ತಾಗುತ್ತೆ.

ಸಬ್‌ಟೈಟಲ್ ಬಗ್ಗೆ ಬೇಗ ಹೇಳ್ಬಿಡ್ತೀನಿ. ಎರಡು ಸಾಲು ಮೀರಬಾರದು. ಯೂನಿಕೋಡಲ್ಲೇ ಟೈಪ್ ಮಾಡಿ, ಹಳೇ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಎಡಿಟರ್‌ಗೆ ಕೊಟ್ರೆ ಅಲ್ಲಿ ಬರೀ ಕಸ ಕಾಣುತ್ತೆ. ಸಾಲುಗಳ ಮಧ್ಯೆ ಜಾಗ ಕಮ್ಮಿ ಇಟ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತೆ, ಪರದೆ ಅಂಚಿಗೆ ತೀರಾ ಹತ್ರ ಇಟ್ರೆ ಒತ್ತೇ ಕತ್ತರಿಸಿ ಹೋಗುತ್ತೆ, ನಮ್ಮದ್ರಲ್ಲಿ ಕತ್ತಲೆ ಅನ್ನೋದು ಕತಲೆ ಆಗಿತ್ತು. 2006ರ ಹೀರೋಸ್ ಸೀರಿಯಲ್ಲಲ್ಲಿ ಹಿರೋ ಅನ್ನೋನು ಮತ್ತೆ ಅವನ ಫ್ರೆಂಡ್ ಆಂಡೋ ಜಪಾನೀಸ್ ಮಾತಾಡೋವಾಗ ಸಬ್‌ಟೈಟಲ್ಲನ್ನ ಕೆಳಗಡೆ ಇಡದೇ ಮಾತಾಡೋನ ಪಕ್ಕದಲ್ಲೇ ಇಡ್ತಿದ್ರು, ಕಾಮಿಕ್ ಪುಸ್ತಕದ ಥರ, ಕಣ್ಣು ಮುಖ ಬಿಟ್ಟು ಹೋಗಲ್ಲ. ಎರಡು ಪಾತ್ರ ಇರೋ ಸೀನಿಗೆ ಇದನ್ನ ನೀವೂ ಮಾಡ್ನೋಡಿ.

ತುಂಬಾ ಹೊತ್ತು ಸಬ್‌ಟೈಟಲ್ ಓದಿಸೋಕೆ ಇಷ್ಟ ಇಲ್ಲಾಂದ್ರೆ ದಾಟೋಕೆ ಒಂದು ಸೇತುವೆ ಕಟ್ಟಿ. ಸೈ-ಫೈ ಅಲ್ಲ ಆದ್ರೂ 1990ರ ಸಬ್‌ಮರೀನ್ ಸಿನಿಮಾ ದಿ ಹಂಟ್ ಫಾರ್ ರೆಡ್ ಅಕ್ಟೋಬರ್ ನೋಡ್ಲೇಬೇಕು, ಸೋವಿಯತ್ ಅಧಿಕಾರಿ ಒಬ್ಬ ಪುಸ್ತಕ ಓದ್ತಿರ್ತಾನೆ ರಷ್ಯನ್‌ನಲ್ಲಿ, ಕ್ಯಾಮೆರಾ ಮೆಲ್ಲಗೆ ಅವನ ಬಾಯಿ ಹತ್ರ ಹೋಗುತ್ತೆ, ಆರ್ಮಗೆಡ್ಡಾನ್ ಅನ್ನೋ ಪದ ಬರುತ್ತೆ, ಅದು ಎರಡೂ ಭಾಷೇಲಿ ಒಂದೇ, ಅಲ್ಲಿಂದಾಚೆಗೆ ಇಂಗ್ಲಿಷ್. 2022ರ ಅವತಾರ್‌ನಲ್ಲಿ ಬೇರೆ ಲೋಕದ ನಾವಿ ಜನರ ಜೊತೆ ಸೇರ್ಕೊಂಡಿರೋ ಜೇಕ್ ಹಿನ್ನೆಲೆ ದನೀಲಿ, ಈ ಭಾಷೆ ಈಗ ನಂಗೆ ಇಂಗ್ಲಿಷ್ ಇದ್ದ ಹಾಗೇ ಅಂತಾನೆ, ಅಷ್ಟೇ, ನಾವಿ ಜನ ಎಲ್ಲಾ ಇಂಗ್ಲಿಷಿಗೆ ಬಂದ್ರು. ನಮಗೆ ಸೇತುವೆ ಪದಗಳಿಗೆ ಬರ ಇಲ್ಲ. ತೆಲುಗಿಂದ ಕನ್ನಡಕ್ಕೆ ದಾಟೋಕೆ ನೀರು ಅನ್ನೋ ಒಂದು ಪದ ಸಾಕು, ಎರಡೂ ಕಡೆ ನೀರೇ.

ಸ್ಕ್ರಿಪ್ಟಲ್ಲಿ ಬರೆಯೋ ರೀತಿ: ಮೊದಲ ಪುಟದಲ್ಲೇ ಯಾವ ಭಾಷೆಗೆ ಯಾವ ಗುರುತು ಅಂತ ಹಾಕ್ಬಿಡಿ, ನಾನು ಡೈಲಾಗೆಲ್ಲ ಕನ್ನಡದಲ್ಲೇ ಬರೆದು ರಷ್ಯನ್‌ನಲ್ಲಿ ಬರಬೇಕಾಗಿರೋದಕ್ಕೆ ಓರೆ ಅಕ್ಷರ, ತೆಲುಗಿಗೆ ಅಡಿಗೆರೆ ಹಾಕ್ತೀನಿ, ಸಬ್‌ಟೈಟಲ್ ಬೇಡ ಅನ್ನೋ ಸಾಲಿನ ಪಕ್ಕ ಒಂದು ಕಾಟು. ಕಲರ್ ಹಾಕ್ಬೇಡಿ, ಜೆರಾಕ್ಸ್ ಮಾಡಿಸಿದ್ರೆ ಎಲ್ಲಾ ಕಪ್ಪು.

ಕೊನೇದು ಡಬ್ಬಿಂಗ್, ಇದನ್ನ ಯಾರೂ ಮೊದಲೇ ಯೋಚಿಸಲ್ಲ. ಡಬ್ ಮಾಡ್ದಾಗ ಸಿನಿಮಾದ ಮುಖ್ಯ ಭಾಷೆ ಬದಲಾಗುತ್ತೆ, ಪಕ್ಕದ ಭಾಷೆಗಳು ಹಂಗೇ ಉಳಿಬೇಕು, ಆಗ ಎರಡೂ ಒಂದೇ ಆಗ್ಬಿಟ್ರೆ? ನಮ್ಮದ್ರಲ್ಲಿ ಅದೇ ಆಯ್ತು. ಶಿವು ಮುಳಬಾಗಿಲಿನವನು, ಎರಡು ವರ್ಷದಿಂದ ಮನೆ ಕಂಡಿಲ್ಲ, ಅವನ ಅಜ್ಜಿ ಕಳಿಸಿದ ವಾಯ್ಸ್ ಮೆಸೇಜು ಒಂದೇ ಅವನಿಗೆ ಮನೆ. ಅದು ತೆಲುಗಲ್ಲಿದೆ, ಇಡೀ ಸಿನಿಮಾದಲ್ಲಿ ತೆಲುಗು ಬರೋದು ಅಲ್ಲೊಂದೇ ಕಡೆ, ಅದಕ್ಕೇ ಅಲ್ಲಿ ಜನ ಸುಮ್ನಾಗ್ತಿದ್ರು. ಒಬ್ರು ಬಂದು ತೆಲುಗಿಗೆ ಡಬ್ ಮಾಡೋಣ ಅಂದ್ರು. ಮಾಡಿದ್ರೆ ಶಿವು ಮೊದಲಿಂದ್ಲೂ ತೆಲುಗೇ ಆಡ್ತಾನೆ, ಅಜ್ಜಿ ಮೆಸೇಜು ನೂರರಲ್ಲಿ ಒಂದು ಡೈಲಾಗ್ ಆಗೋಗುತ್ತೆ. ನಾಲ್ಕು ದಿನ ತಲೆ ಕೆಡಿಸ್ಕೊಂಡು ಕೊನೆಗೆ ಅದಲು ಬದಲು ಮಾಡಿದ್ವಿ, ತೆಲುಗು ಪ್ರತೀಲಿ ಅಜ್ಜಿ ಕನ್ನಡ ಆಡ್ತಾಳೆ. ದನಿ ಕೊಡೋಕೆ ನಮ್ಮಮ್ಮನ್ನೇ ಮೈಕ್ ಮುಂದೆ ಕೂರಿಸಿದ್ದೆ. ಸಾಲು ಓದಿ, ಕನ್ನಡಕ ತೆಗೆದು, "ನಿಮ್ಮಜ್ಜಿ ಬಾಯಲ್ಲಿ ಕನ್ನಡನಾ? ಅವಳು ಇದನ್ನ ಕೇಳಿದ್ರೆ ನಿಂಗೆ ತೆಲುಗಲ್ಲಿ ಏನಂತಿದ್ಲು ಗೊತ್ತಾ" ಅಂದ್ರು. ಅದೂ ರೆಕಾರ್ಡ್ ಆಗಿದೆ, ಎಡಿಟರ್ ತೆಗೆಯೋಕೆ ಬಿಡ್ತಿಲ್ಲ.